ಹೊಟ್ಟೆ ಮೇಲೆ ಬೆಲ್ಟಿನ ಗುರುತಿದ್ದರೆ ಬೆನ್ನನ್ನೂ ನೋಡಬೇಕು

ಮಗುವಿನ ಬೆನ್ನುಮೂಳೆ ಮುರಿದಿದೆ ಅಂದರೆ ಆಪರೇಷನ್ ಆಗಲೇಬೇಕು ಅಂತೇನಿಲ್ಲ. ತಾರಸಿಯಿಂದಲೋ ಮರದಿಂದಲೋ ಬಿದ್ದು ಮೂಳೆಯ ಮುಂಭಾಗ ತುಸು ಕುಸಿದಿದ್ದರೆ ಸಾಮಾನ್ಯವಾಗಿ ಬ್ರೇಸ್ (ಬೆನ್ನು ಅಲುಗದಂತೆ ಹೊರಗಿನಿಂದ ಹಿಡಿದಿಡುವ ಪಟ್ಟಿ) ಹಾಕಿ ಕಾಯುತ್ತೇನೆ. ಬೆಳೆಯುವ ಮೂಳೆಗೆ ತನ್ನನ್ನು ತಾನೇ ಸರಿಪಡಿಸಿಕೊಳ್ಳುವ ಶಕ್ತಿ ಇದೆ. ಸೀಟ್ ಬೆಲ್ಟಿನ ಮುರಿತ ಮಾತ್ರ ಬೇರೆ ಥರ.

ತುಮಕೂರು ರಸ್ತೆಯ ಅಪಘಾತವೊಂದರಲ್ಲಿ ಪೆಟ್ಟಾಗಿ ಬೆಂಗಳೂರಿಗೆ ಬಂದ ಒಂಬತ್ತು ವರ್ಷದ ಹುಡುಗಿ. ಕಾರಿನ ಹಿಂದಿನ ಸೀಟಿನ ನಡುವೆ, ಸೊಂಟಕ್ಕಷ್ಟೇ ಬರುವ ಬೆಲ್ಟ್ ಹಾಕಿ ಕೂತಿದ್ದಳು. ಹೊಕ್ಕುಳಿನ ಹತ್ತಿರ ಅಡ್ಡಕ್ಕೆ, ಬೆಲ್ಟಿನಷ್ಟೇ ಅಗಲಕ್ಕೆ ನೀಲಿಗಟ್ಟಿತ್ತು. ಕಾಲುಗಳಲ್ಲಿ ಶಕ್ತಿ ಚೆನ್ನಾಗಿತ್ತು. ಆದರೆ ಅವಳನ್ನು ಹುಷಾರಾಗಿ ಪಕ್ಕಕ್ಕೆ ಹೊರಳಿಸಿ ಬೆನ್ನ ಮೇಲೆ ಬೆರಳಾಡಿಸಿದರೆ ಒಂದು ಕಡೆ ಬೆರಳು ಒಳಕ್ಕೆ ಇಳಿಯಿತು. ಅಲ್ಲೇ ಚೀರಿದಳು.

ಗಾಡಿ ತಟ್ಟನೆ ನಿಂತಾಗ ಮೈ ಬೆಲ್ಟಿನ ಮೇಲೆ ಮಡಚಿ, ಬೆನ್ನೆಲುಬು ಹಿಂದಿನಿಂದ ಸೀಳುತ್ತದೆ. 1948ರಲ್ಲಿ ಜಿ.ಕ್ಯೂ. ಚಾನ್ಸ್ ಎಂಬ ರೇಡಿಯಾಲಜಿಸ್ಟ್ ಈ ಬಗೆಯ ಮುರಿತವನ್ನು ವಿವರಿಸಿದ್ದರಿಂದ ಚಾನ್ಸ್ ಫ್ರ್ಯಾಕ್ಚರ್ ಅಂತಲೇ ಹೆಸರು. ಇದರ ಜೊತೆಗೆ ಕರುಳಿಗೂ ಪೆಟ್ಟಾಗಿರುವುದು ತೀರಾ ಸಾಮಾನ್ಯ. ಹಾಗಾಗಿ ಮಕ್ಕಳ ಸರ್ಜನ್ ಹೊಟ್ಟೆ ನೋಡಿ ಸರಿ ಅನ್ನುವವರೆಗೆ ನಾನು ಬೆನ್ನಿನ ಚಿಕಿತ್ಸೆಗೆ ಕೈ ಹಾಕಲಿಲ್ಲ.

"ಬೆಲ್ಟ್ ಹಾಕಿಸಿದ್ದೇ ತಪ್ಪಾಯ್ತಾ ಸಾರ್?" ಅಂತ ಅವಳ ತಂದೆ ಕೇಳಿದರು. ಖಂಡಿತ ಇಲ್ಲ, ಬೆಲ್ಟ್ ಇದ್ದದ್ದಕ್ಕೇ ಮಗು ನಮ್ಮ ಮುಂದಿದೆ ಅಂದೆ. ಬೆಲ್ಟ್ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಭುಜದ ಪಟ್ಟಿಯೂ ಇರಬೇಕು. ಸುಮಾರು 145 ಸೆಂ.ಮೀ. ಎತ್ತರ ಆಗುವವರೆಗೆ ಬೂಸ್ಟರ್ ಸೀಟ್ ಬೇಕಾಗುವುದು ಇದಕ್ಕೇ.

ಸೀಳು ಮೂಳೆಯೊಳಗೇ ಹಾದಿದ್ದು, ಬಾಗು ಕಡಿಮೆ ಇದ್ದಿದ್ದರೆ ಬ್ರೇಸಿನಲ್ಲೇ ಕೂಡಿಕೊಳ್ಳುತ್ತಿತ್ತು. ಎಂ.ಆರ್.ಐ.ಯಲ್ಲಿ ಕಂಡಿದ್ದು, ಮೂಳೆಗಳನ್ನು ಒಂದಕ್ಕೊಂದು ಹಿಡಿದಿಡುವ ಲಿಗಮೆಂಟ್ ಹರಿದಿರುವುದು. ಅದು ಮೂಳೆಯ ಹಾಗೆ ನೆಚ್ಚಿಕೊಳ್ಳುವಷ್ಟು ಗಟ್ಟಿಯಾಗಿ ಕೂಡುವುದಿಲ್ಲ. ಬಿಟ್ಟರೆ ಬೆನ್ನು ಮುಂದಕ್ಕೆ ಬಾಗುತ್ತಾ ಹೋಗುತ್ತದೆ. ಅದಕ್ಕೇ ಆಪರೇಷನ್ ಅಂತ ತೀರ್ಮಾನಿಸಿದೆ.

ಬೆನ್ನಿನ ಕೆಳಭಾಗದ ಎಲ್2, ಎಲ್3 ಎರಡೇ ಮೂಳೆಗೆ ನಾಲ್ಕು ಸ್ಕ್ರೂ. ಸ್ಕ್ರೂ ಹಾದುಹೋಗುವ ಮೂಳೆಯ ಕಿರಿದಾದ ಭಾಗ, ಅಂದರೆ ಪೆಡಿಕಲ್, ಎಷ್ಟು ದಪ್ಪ ಇದೆ ಅಂತ ಸಿ.ಟಿ.ಯಲ್ಲಿ ಒಂದೊಂದನ್ನೂ ಅಳೆದುಕೊಂಡೇ ಸ್ಕ್ರೂ ಆರಿಸಿದೆ. ಹೊಟ್ಟೆಗೆ ಒತ್ತಡ ಬೀಳದಂತೆ ಬೋರಲು ಮಲಗಿಸಿ, ನರಗಳ ಸಂಕೇತವನ್ನು ಮಾನಿಟರಿನಲ್ಲಿ ನೋಡುತ್ತಲೇ ಕೆಲಸ ಮಾಡಿದೆವು. ಈ ಮುರಿತದಲ್ಲಿ ಸ್ಕ್ರೂಗಳನ್ನು ದೂರ ಸರಿಸಬಾರದು, ಒಂದಕ್ಕೊಂದು ಹತ್ತಿರ ತರಬೇಕು. ಸ್ಕ್ರೂಗಳನ್ನು ಜೋಡಿಸುವ ರಾಡ್ ಮೇಲೆ ಅವನ್ನು ನಿಧಾನವಾಗಿ ಒತ್ತುತ್ತಾ ಬಂದಂತೆ ಸಿ-ಆರ್ಮ್ (ಆಪರೇಷನ್ ನಡೆಯುವಾಗಲೇ ಎಕ್ಸ್‌ರೇ ತೋರಿಸುವ ಯಂತ್ರ) ಪರದೆಯಲ್ಲಿ ಹಿಂದಿನ ಬಿರುಕು ಮುಚ್ಚಿತು. ಸಂಕೇತ ಕದಲಲಿಲ್ಲ. ಎರಡೂ ಮೂಳೆ ಬೆಸೆದುಕೊಳ್ಳಲಿ ಅಂತ ಅಷ್ಟು ಜಾಗಕ್ಕೆ ಮಾತ್ರ ನಾನು ಮೂಳೆಚೂರು ತುಂಬಿದೆ.

ಇನ್ನೂ ಮೇಲೆ ಕೆಳಗೆ ಒಂದೊಂದು ಮೂಳೆ ಸೇರಿಸಿದ್ದರೆ ಹಿಡಿತ ಹೆಚ್ಚುತ್ತಿತ್ತು, ನಿಜ. ಆದರೆ ಬೆಸೆದ ಜಾಗ ಬಾಗುವುದೂ ಇಲ್ಲ, ಸರಿಯಾಗಿ ಬೆಳೆಯುವುದೂ ಇಲ್ಲ. ಬೆಳೆಯುವ ಮಗುವಿನಲ್ಲಿ ಒಂದು ಕೀಲು ಉಳಿಸಿಕೊಳ್ಳಲಿಕ್ಕೂ ನಾನು ಹಟ ಹಿಡಿಯುತ್ತೇನೆ.

ಮೊದಲ ಕೆಲವು ತಿಂಗಳು ಬ್ರೇಸ್ ಹಾಕಿಸಿದೆ. ಈಗ ಸ್ಕೂಲಿಗೆ ಹೋಗುತ್ತಿದ್ದಾಳೆ. ಬೆಳವಣಿಗೆ ನಿಲ್ಲುವವರೆಗೆ ಆಗಾಗ ಅವಳನ್ನು ನಿಂತ ಭಂಗಿಯಲ್ಲಿಟ್ಟು ಎಕ್ಸ್‌ರೇ ತೆಗೆದು ಬಾಗು ಅಳೆಯುತ್ತೇವೆ. ನೋವಿಲ್ಲ ಅಂತ ಚೆಕಪ್ ತಪ್ಪಿಸಬೇಡಿ ಅಂತ ಅವಳ ಮನೆಯವರಿಗೆ ಹೇಳಿದ್ದೇನೆ.