ಮೂರು ಆಂಟಿಬಾಡಿ ಖಾಲಿಯಾದ ಮೇಲೆ ಸಿಕ್ಕ ಪಿ53 ಏಣಿ

ಕೊನೆಗೂ ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರೆ ಮಾಡಿ, ಮೆಂಬ್ರೇನ್ ಎಂಬ ಹಾಳೆಗೆ ಇಳಿಸಿ, ಆಂಟಿಬಾಡಿಯಿಂದ ಗುರುತಿಸುವ ಪ್ರಯೋಗ) ಏಣಿ ಬಂತು. ಕ್ಯಾನ್ಸರ್ ತಡೆಯುವ ಪ್ರೋಟೀನ್ ಪಿ53ಗೆ, "ಇದನ್ನು ಒಡೆದುಹಾಕಿ" ಅನ್ನುವ ಗುರುತಿನ ಪುಟ್ಟ ಪ್ರೋಟೀನ್ ಯುಬಿಕ್ವಿಟಿನ್ ಒಂದೊಂದಾಗಿ ಅಂಟಿ, ಎಂಟೂವರೆ ಕಿಲೋಡಾಲ್ಟನ್ (ಅಣುತೂಕದ ಅಳತೆ) ಲೆಕ್ಕದಲ್ಲಿ ಮೇಲೇರುವ ಪಟ್ಟಿಗಳು. "ಅದು ಪ್ರೋಟೀನ್ ಅಲ್ಲ, ಕೊಳೆ" ಅಂತ ಲ್ಯಾಬ್ ಮೀಟಿಂಗ್‌ನಲ್ಲಿ ಸೀನಿಯರ್ ಒಬ್ಬರು ನಕ್ಕಿದ್ದರು.

ಶುರುವಿನಲ್ಲೇ ಎಡವಿದ್ದೆ. ಫ್ರೀಜರ್‌ನಲ್ಲಿ ಇದ್ದದ್ದು ಹೀಲಾ (ಗರ್ಭಕಂಠದ ಕ್ಯಾನ್ಸರ್‌ನ ಸೆಲ್ಸ್), ಅದನ್ನೇ ಬೆಳೆಸಿದೆ. ನನಗೆ ಬೇಕಿದ್ದದ್ದು ಪಿ53ಗೆ ಯುಬಿಕ್ವಿಟಿನ್ ಅಂಟಿಸುವ ಕಿಣ್ವ ಎಂಡಿಎಂ2 ಕೆಲಸ. ಹೀಲಾದಲ್ಲಿ ಪಿ53 ಕಥೆ ಮುಗಿಸುವುದು ಅದರೊಳಗಿನ ಎಚ್‌ಪಿವಿ ವೈರಸ್‌ನ ಇ6 ಪ್ರೋಟೀನ್! ಒಂದು ತಿಂಗಳು ಹಾಳು. ಕರುಳಿನ ಕ್ಯಾನ್ಸರ್ ಸೆಲ್ಸ್ ಎಚ್‌ಸಿಟಿ116ಗೆ ಬಂದೆ.

ಅಲ್ಲೂ ಏಣಿ ಇಲ್ಲ. ಸೆಲ್ಸ್ ಪ್ರೋಟೀನ್ ಒಡೆಯುವುದನ್ನು ತಡೆಯುವ ಎಂಜಿ132, 10 ಮೈಕ್ರೋಮೋಲಾರ್, ನಾಲ್ಕು ಗಂಟೆ ಕೊಟ್ಟರೆ ಪಿ53 ರಾಶಿ ಬೀಳುತ್ತಿತ್ತು, ಅಷ್ಟೇ. ಆಂಟಿಬಾಡಿ ಸರಿಯಿಲ್ಲ ಅಂದುಕೊಂಡು ಇನ್ನೆರಡು ತರಿಸಿದೆ. ಒಂದೊಂದಕ್ಕೆ ಸುಮಾರು ನಲವತ್ತು ಸಾವಿರ, ಕೈಗೆ ಸಿಗಲು ಒಂದೂವರೆ ತಿಂಗಳು. ಗೈಡ್ ಎದುರು ಬಂದರೆ ಕಾರಿಡಾರ್ ಬದಲಿಸುತ್ತಿದ್ದೆ.

ತಪ್ಪು ಇದ್ದದ್ದು ಬಫರ್ ಬಾಟಲಿಯಲ್ಲಿ. ಲ್ಯಾಬಿನ ಹಳೇ ರೆಸಿಪಿಯಲ್ಲಿ ಡಿಟಿಟಿ (ಎರಡು ಥಯೋಲ್ ಗುಂಪು ಇರುವ ರಾಸಾಯನಿಕ) 5 ಮಿಲಿಮೋಲಾರ್. ಯುಬಿಕ್ವಿಟಿನ್ ಕಿತ್ತುಹಾಕುವ ಕಿಣ್ವಗಳನ್ನು ತಡೆಯಲು ನಾನು ಹಾಕುತ್ತಿದ್ದ ಎನ್‌ಇಎಂ (ಥಯೋಲ್‌ಗೆ ಅಂಟುವ ರಾಸಾಯನಿಕ) ಕೂಡ 5. ಒಂದು ಡಿಟಿಟಿ ಎರಡು ಎನ್‌ಇಎಂ ನುಂಗುತ್ತದೆ. ಸೆಲ್ಸ್ ಒಡೆಯುವ ಮೊದಲೇ ಎನ್‌ಇಎಂ ಖಾಲಿ! ಈಗ ಡಿಟಿಟಿ ಇಲ್ಲ, ಎನ್‌ಇಎಂ 20, ಅದೇ ದಿನ ಎಥನಾಲ್‌ನಲ್ಲಿ ಕರಗಿಸಿದ್ದು.

ಐಪಿಗೆ (ಆಂಟಿಬಾಡಿಯಿಂದ ಪಿ53 ಹಿಡಿದು ಎಳೆಯುವ ಹಂತ) ಮೊದಲು 1% ಎಸ್‌ಡಿಎಸ್‌ನಲ್ಲಿ (ಪ್ರೋಟೀನ್ ಬಿಚ್ಚುವ ಡಿಟರ್ಜೆಂಟ್) ಕುದಿಸಿ, ಹತ್ತು ಪಟ್ಟು ತೆಳು ಮಾಡುತ್ತೇನೆ. ಇಲ್ಲದಿದ್ದರೆ ಪಿ53 ಜೊತೆ ಅಂಟಿ ಬಂದ ಪಕ್ಕದ ಪ್ರೋಟೀನ್‌ನ ಯುಬಿಕ್ವಿಟಿನ್ ನೋಡಿ ಕುಣಿಯುತ್ತೀರಿ. ನಾನೂ ಕುಣಿದಿದ್ದೆ. ಕುದಿಸಿದಾಗ ಡಿಎನ್‌ಎ ಬಿಚ್ಚಿಕೊಂಡು ಟ್ಯೂಬ್ ತುಂಬ ಬೆಂಡೆಕಾಯಿ ಲೋಳೆ. ಪಿಪೆಟ್ ಎತ್ತಿದರೆ ದಾರದ ಹಾಗೆ ಜೋತುಬೀಳುತ್ತದೆ. ಇನ್ಸುಲಿನ್ ಸಿರಿಂಜ್‌ನಲ್ಲಿ ಇಪ್ಪತ್ತು ಸಲ ಎಳೆದು ಬಿಟ್ಟರೆ ಸರಿಹೋಗುತ್ತದೆ. ಆಂಟಿಬಾಡಿಗೆ ಮೊದಲು ಮೆಂಬ್ರೇನ್‌ಗೆ ಇನ್ನೊಂದು ಸಣ್ಣ ಉಪಚಾರ ಇದೆ. ಅದು ಪೇಪರ್ ಬಂದ ಮೇಲೆ.

ನಡುವೆ ಸುಮ್ನೆ ಕುತೂಹಲಕ್ಕೆ ಡಿಎನ್‌ಎ ಕೆಡಿಸುವ ಔಷಧಿ ಡಾಕ್ಸೊರುಬಿಸಿನ್ ಕೊಟ್ಟು ಪಿ53ಯ ಸೆರಿನ್ 15ಕ್ಕೆ ಅಂಟುವ ಫಾಸ್ಫೇಟ್ ಹುಡುಕಿದೆ. ಆಂಟಿಬಾಡಿ ಎಲ್ಲೆಂದರಲ್ಲಿ ಅಂಟದ ಹಾಗೆ ಹಾಲಿನ ಪುಡಿಯಲ್ಲಿ ಬ್ಲಾಕ್ ಮಾಡಿದ್ದಕ್ಕೆ ಮೆಂಬ್ರೇನ್ ಪೂರ್ತಿ ಕಪ್ಪು. ಹಾಲಿನ ಕೇಸಿನ್ ತಾನೇ ಫಾಸ್ಫೇಟ್ ಹೊತ್ತ ಪ್ರೋಟೀನ್ ಅಲ್ವಾ! ಅದರ ಬದಲು ಬಿಎಸ್‌ಎ (ಹಸುವಿನ ರಕ್ತದ ಪ್ರೋಟೀನ್) ಹಾಕಿದ ಮೇಲೆ ಪಟ್ಟಿ ಚೊಕ್ಕವಾಗಿ ಬಂತು.

ಸೀನಿಯರ್ ಬಾಯಿ ಕಟ್ಟಿದ್ದು ನಟ್ಲಿನ್ ಅನ್ನುವ ಔಷಧಿ ಕೊಟ್ಟ ಸೆಲ್ಸ್‌ನ ಲೇನ್. ಎಂಡಿಎಂ2 ಹಿಡಿತ ತಪ್ಪಿಸಿದ ಆ ಸೆಲ್ಸ್‌ನಲ್ಲಿ ಪಿ53 ಜಾಸ್ತಿ, ಏಣಿ ಮಾತ್ರ ಹೆಚ್ಚುಕಡಿಮೆ ಮಾಯ. ಕೊಳೆಯಾಗಿದ್ದರೆ ಅದು ಯಾಕೆ ಹೋಗಬೇಕು? ಅವರು ಬ್ಲಾಟ್ ಎರಡು ಸಲ ತಿರುಗಿಸಿ ನೋಡಿದರು. ಸಂಜೆ ಬಂದು ನನ್ನ ಡಬ್ಬಿಯಿಂದ ಕಾಲು ಗ್ರಾಂ ಎನ್‌ಇಎಂ ಕೇಳಿದರು.