ಅಜ್ಜಿಯನ್ನು ಎತ್ತುವ ಮೊದಲು: ವೃದ್ಧಾಶ್ರಮದ ಕೆಲಸದವರ ಸುರಕ್ಷತೆಗೆ ಯಾರು ಏನು ಮಾಡಬೇಕು

ನಮ್ಮ ಕಡೆಯ ಆಶ್ರಮಗಳಲ್ಲಿ ಬಚ್ಚಲಿಗೆ ಸ್ಟೀಲ್ ರಾಡ್ ಹಾಕಿಸುತ್ತಾರೆ, ಮಂಚಕ್ಕೆ ಕಟಕಟೆ ಮಾಡಿಸುತ್ತಾರೆ. ಎಲ್ಲ ಅಜ್ಜ ಅಜ್ಜಿಯರು ಬೀಳಬಾರದು ಅಂತ. ಒಳ್ಳೆಯದೇ. ಆದರೆ ಅವರನ್ನು ದಿನವಿಡೀ ಎತ್ತಿ ಇಳಿಸುವ ಆಯಾಗೆ ಏನು ವ್ಯವಸ್ಥೆ ಉಂಟು ಎಂದು ಕೇಳಿದರೆ ಕಮಿಟಿಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ನಾನು ಉಡುಪಿ ಹತ್ತಿರದ ಒಂದು ಆಶ್ರಮದಲ್ಲಿ ನರ್ಸಿಂಗ್ ಇನ್‌ಚಾರ್ಜ್. ಹೊಸದಾಗಿ ಸೇರುವ ಹುಡುಗಿಯರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಮಿಟಿಯವರು ಓದಿದರೆ ಇನ್ನೂ ಒಳ್ಳೆಯದು, ಏಕೆಂದರೆ ಜಾಸ್ತಿ ಪಾಲು ಅವರದ್ದೇ.

ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಗ್ಯಾಸ್ ಸಿಲಿಂಡರ್ ನೋಡುವವರು ಯಾರು, ವೀಲ್‌ಚೇರ್ ಬ್ರೇಕ್ ನೋಡುವವರು ಯಾರು, ಗ್ಲೌಸ್ ಖಾಲಿಯಾಗುವ ಮೊದಲು ತರಿಸುವವರು ಯಾರು ಅಂತ ಒಂದೊಂದಕ್ಕೂ ಒಬ್ಬರ ಹೆಸರು ಬರೆಯಿರಿ. ಅವರು ರಜೆ ಹೋದರೆ ಯಾರು ಎಂಬುದನ್ನೂ ಬರೆಯಿರಿ. "ಎಲ್ಲರೂ ನೋಡಿಕೊಳ್ಳಿ" ಎಂದು ಬೋರ್ಡ್ ಬರೆದರೆ ಯಾರೂ ನೋಡುವುದಿಲ್ಲ, ಬರೆದಿಡಿ. ಹಾಳೆ ಆಫೀಸಿನ ಫೈಲಿನಲ್ಲಿ ಬೇಡ, ಅಡುಗೆಮನೆ ಬಾಗಿಲ ಹತ್ತಿರ ಅಂಟಿಸಿ. ಅಲ್ಲಿ ಎಲ್ಲರೂ ಹಾದುಹೋಗುತ್ತಾರೆ.

"ನಮ್ಮದು ಟ್ರಸ್ಟ್, ಲಾಭಕ್ಕೆ ನಡೆಸುವುದಲ್ಲ, ನಮಗೆ ಕಾನೂನು ಬರುವುದಿಲ್ಲ" ಎನ್ನುವವರು ಇದ್ದಾರೆ. ಟ್ರಸ್ಟ್ ಆದ ಮಾತ್ರಕ್ಕೆ ಕೆಲಸದವರ ಹೊಣೆ ತಪ್ಪುವುದಿಲ್ಲ. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಸಾಮಾನ್ಯವಾಗಿ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆಗೆ ಅದು ಅನ್ವಯ. ಅಪಾಯವಿಲ್ಲದ ಜಾಗ ಕೊಡುವುದು ಮಾಲೀಕರ ಕೆಲಸ. ನೇಮಕದ ಪತ್ರ ಕೊಡಬೇಕು. ಸುರಕ್ಷತೆಯ ಸಾಮಾನಿನ ಖರ್ಚನ್ನು ಸಂಬಳದಲ್ಲಿ ಹಿಡಿಯುವಂತಿಲ್ಲ. ಕೆಲಸದವರಿಗೂ ಪಾಲು ಉಂಟು: ಕೊಟ್ಟದ್ದನ್ನು ಬಳಸಬೇಕು, ಅಪಾಯ ಕಂಡರೆ ಹೇಳಬೇಕು. ಇಎಸ್‌ಐ, ಅಂದರೆ ಕೆಲಸದವರ ಸರ್ಕಾರಿ ಆರೋಗ್ಯ ವಿಮೆ, ಅದರ ಬಗ್ಗೆಯೂ ವಿಚಾರಿಸಿ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಅದರಲ್ಲಿ ಬರುತ್ತಾರೆ. ಕೆಲಸದವರಿಂದ ಹಿಡಿಯುವುದು ನೂರಕ್ಕೆ 75 ಪೈಸೆ, ಸಂಸ್ಥೆ ಹಾಕುವುದು 3 ರೂಪಾಯಿ 25 ಪೈಸೆ. ಸೊಂಟ ಹಿಡಿದು ಮಲಗಿದಾಗಲೇ ಇದರ ಬೆಲೆ ಗೊತ್ತಾಗುವುದು.

ಸೊಂಟದ ವಿಷಯಕ್ಕೇ ಬರೋಣ. ಆಶ್ರಮದ ಕೆಲಸದಲ್ಲಿ ನಾನು ಕಂಡ ದೊಡ್ಡ ಗಾಯ ಇದೇ. ರಕ್ತ ಬರುವುದಿಲ್ಲ, ಹಾಗಾಗಿ ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಮುಲಾಮು ಹಚ್ಚಿಕೊಂಡು ಮರುದಿನ ಡ್ಯೂಟಿಗೆ ಬರುತ್ತಾರೆ.

ಎತ್ತುವ ಮೊದಲು ಅಜ್ಜಿಯನ್ನೇ ಕೇಳಿ: "ಅಮ್ಮಾ, ನೀವು ಎಷ್ಟು ಏಳ್ತೀರಿ?" ಅವರಿಂದ ಆಗುವಷ್ಟು ಅವರೇ ಮಾಡಲಿ. ಮಂಚದ ಎತ್ತರ ನೋಡಿ. ದಾನ ಬಂದ ಹಳೆ ಮರದ ಮಂಚಗಳು ತೀರಾ ತಗ್ಗು, ಡೈಪರ್ ಬದಲಿಸಲು ಪ್ರತಿ ಸಲವೂ ಬಗ್ಗಬೇಕು. ಪೂರ್ತಿ ಮಲಗಿದಲ್ಲೇ ಇರುವವರಿಗೆ ಎತ್ತರ ಬದಲಿಸುವ ಮಂಚ ಕೊಡಿಸಿ ಎಂದು ಕಮಿಟಿಯ ಬೆನ್ನು ಬೀಳಿ. ದಾನಿಗಳು ಏನು ಕೊಡಲಿ ಎಂದು ಕೇಳಿದಾಗ ಒಂದು ಹೊತ್ತಿನ ಪಾಯಸದೂಟದ ಬದಲು ಇದನ್ನು ಹೇಳಿ ನೋಡಿ.

ವೀಲ್‌ಚೇರ್ ಅನ್ನು ಅಜ್ಜಿಯ ಗಟ್ಟಿ ಇರುವ ಬದಿಗೆ ಸ್ವಲ್ಪ ಓರೆಯಾಗಿ ಇಡಿ. ಎರಡೂ ಬ್ರೇಕ್ ಹಾಕಿ, ಕಾಲಿಡುವ ತಟ್ಟೆ ಮಡಚಿ. ಪಾರ್ಶ್ವವಾಯು ಆದವರಾದರೆ ನೀವು ಸೋತ ಬದಿಗೆ ನಿಲ್ಲಿ. ಅವರು ನಿಮ್ಮ ಕುತ್ತಿಗೆಗೆ ಕೈ ಹಾಕಬಾರದು. ನೀವು ಅವರ ಕಂಕುಳಿಗೆ ಕೈ ಹಾಕಿ ಎಳೆಯಬಾರದು, ಭುಜ ತಪ್ಪುತ್ತದೆ. ಸೊಂಟಕ್ಕೆ ಕಟ್ಟುವ ಅಗಲ ಪಟ್ಟಿ ಸರ್ಜಿಕಲ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಹಿಡಿಯಿರಿ. ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಅವರನ್ನು ನಿಮ್ಮ ಮೈಗೆ ಹತ್ತಿರ ತಂದುಕೊಳ್ಳಿ. ತಿರುಗುವಾಗ ಪಾದ ತಿರುಗಿಸಿ, ಸೊಂಟ ತಿರುಚಬೇಡಿ. ಎಣಿಸುವಾಗ ಅಜ್ಜಿಯ ಭಾಷೆಯಲ್ಲಿ ಎಣಿಸಿ. ಒಂಜಿ, ರಡ್ಡ್, ಮೂಜಿ ಎಂದರೆ ತುಳು ಅಜ್ಜಿ ಮೂರಕ್ಕೆ ತಾನೇ ಏಳುತ್ತಾರೆ, ಅರ್ಧ ಭಾರ ಅಲ್ಲೇ ಕಮ್ಮಿ. ಹೊರಗಿನಿಂದ ಬಂದ ಹೋಂ ನರ್ಸ್ ಹುಡುಗಿಯರಿಗೆ ನಾವು ಮೊದಲು ಕಲಿಸುವ ತುಳು ಇದೇ.

ಮಂಚದಲ್ಲಿ ಮೇಲಕ್ಕೆ ಸರಿಸಬೇಕಾದರೆ ಮಡಚಿದ ಬೆಡ್‌ಶೀಟ್ ಅನ್ನು ಅವರ ಅಡಿಗೆ ಹಾಕಿ, ಎರಡೂ ಬದಿಯಿಂದ ಇಬ್ಬರು ಹಿಡಿದು ಸರಿಸಿ. ಒಬ್ಬರೇ ಎಂದಿಗೂ ಬೇಡ. ಯಾವ ಮಂಚಕ್ಕೆ ಇಬ್ಬರು ಬೇಕು ಎಂದು ತಲೆಯ ಹತ್ತಿರ ಬರೆದಿಡಿ. ಆ ಚೀಟಿ ಕಮಿಟಿಗೂ ಲೆಕ್ಕ: ಹಾಗೆ ಬರೆದ ಮಂಚಗಳು ಇರುವಾಗ ರಾತ್ರಿಗೆ ಒಬ್ಬರನ್ನು ಮಾತ್ರ ಹಾಕುವಂತಿಲ್ಲ.

ಅಜ್ಜ ಕೈಯಿಂದ ಜಾರಿ ಬೀಳುತ್ತಿದ್ದರೆ ಎತ್ತಿ ಹಿಡಿಯಲು ಹೋಗಬೇಡಿ. ಹತ್ತಿರ ನಿಂತು ನಿಮ್ಮ ಕಾಲಿಗೆ ಒರಗಿಸಿ ಮೆಲ್ಲ ನೆಲಕ್ಕೆ ಇಳಿಸಿ. ಇಳಿದ ಮೇಲೆ ಗಡಿಬಿಡಿಯಲ್ಲಿ ಎಬ್ಬಿಸಬೇಡಿ. ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಸೊಂಟದ ಹತ್ತಿರ ಮೂಳೆ ಮುರಿದಿರಬಹುದು. ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ.

ಇನ್ನು ಸೂಜಿ. ಇನ್ಸುಲಿನ್ ಕೊಡುವುದು ಸಿಸ್ಟರ್ ಕೆಲಸ, ಆಯಾ ಕೈಗೆ ಕೊಡಬೇಡಿ. ಚುಚ್ಚಿದ ಸೂಜಿಗೆ ಪುನಃ ಮುಚ್ಚಳ ಹಾಕಬಾರದು. ಹಾಕುವಾಗಲೇ ಬೆರಳಿಗೆ ಚುಚ್ಚುವುದು. ಸೂಜಿ ತೂರಿ ಹೊರಬರದ ಗಟ್ಟಿ ಬಿಳಿ ಡಬ್ಬ ಪಕ್ಕದಲ್ಲೇ ಇರಲಿ, ನೇರ ಅದಕ್ಕೆ ಹಾಕಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಸೂಜಿಗೆ ಬಿಳಿ, ರಕ್ತ ಕೀವು ಹತ್ತಿದ ಹತ್ತಿ ಬಟ್ಟೆಗೆ ಹಳದಿ, ಕ್ಯಾತಿಟರ್ ಮತ್ತು ಯೂರಿನ್ ಬ್ಯಾಗಿಗೆ ಕೆಂಪು. ಸೂಜಿ ಊರ ಕಸದ ಗಾಡಿಗೆ ಹೋದರೆ ಚುಚ್ಚುವುದು ಕಸ ವಿಂಗಡಿಸುವ ಅಕ್ಕನಿಗೆ. ಅವರ ಸುರಕ್ಷತೆಯೂ ನಮ್ಮ ತಲೆ ಮೇಲೆಯೇ, ಅಲ್ವಾ?

ಚುಚ್ಚಿಯೇ ಬಿಟ್ಟರೆ ಹಿಂಡಬೇಡಿ, ಬಾಯಿಗೆ ಹಾಕಬೇಡಿ. ನಲ್ಲಿ ನೀರು ಬಿಟ್ಟು ಸೋಪಿನಲ್ಲಿ ತೊಳೆಯಿರಿ. ಬೈತಾರೆ ಎಂದು ಮುಚ್ಚಿಡದೆ ಆಗಲೇ ಹೇಳಿ. ಎಚ್‌ಐವಿ ತಡೆಯುವ ಮಾತ್ರೆ ಬೇಕು ಎಂದು ಡಾಕ್ಟರ್ ಹೇಳಿದರೆ 2 ಗಂಟೆಯೊಳಗೆ ಶುರುವಾದರೆ ಉತ್ತಮ, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಕೋರ್ಸ್ 28 ದಿನ. ಮಂಗಳೂರಿನವರು ವೆನ್‌ಲಾಕ್, ಉಡುಪಿಯವರು ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೆ ಹೋಗಿ. ಗಾಡಿ ಮತ್ತು ಜೊತೆಗೊಬ್ಬರು ಸಂಸ್ಥೆಯ ಹೊಣೆ. ಹೆಪಟೈಟಿಸ್ ಬಿ ಲಸಿಕೆಯೂ ಹಾಗೆಯೇ: ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಕೆಲಸಕ್ಕೆ ಸೇರಿಸಿಕೊಂಡ ವಾರವೇ ಮೊದಲನೆಯದು ಕೊಡಿಸಿ.

ಮಳೆಗಾಲ ನಮ್ಮೂರಿಗೆ ಬೇರೆಯೇ ಅಧ್ಯಾಯ. ಜೂನ್‌ನಿಂದ ತುಳುವಿನ ಆಟಿ ತಿಂಗಳು (ಆಗಸ್ಟ್ ಮಧ್ಯ) ಮುಗಿಯುವವರೆಗೆ ಅಂಗಳ ಪೂರ್ತಿ ಪಾಚಿ. ಬಟ್ಟೆ ಒಣಗಿಸುವ ಕಡೆಗೆ ಹೋಗುವ ದಾರಿಗೆ ಬ್ಲೀಚಿಂಗ್ ಪುಡಿ ಹಾಕಿ ಹಿಡಿಸೂಡಿಯಲ್ಲಿ ಉಜ್ಜಿಸಿ, ಪಾಚಿ ದಪ್ಪವಾಗುವವರೆಗೆ ಕಾಯಬೇಡಿ. ಒಳಗೆ ದೇವರ ಫೋಟೋ ಉಂಟು, ಚಪ್ಪಲಿ ಹಾಕಬಾರದು ಎಂಬ ರೂಢಿಯಿಂದ ಆಯಾಗಳು ಬಚ್ಚಲಿನಲ್ಲೂ ಬರಿಗಾಲು. ಒಳಗೆ ಮಾತ್ರ ಹಾಕುವ, ಹಿಡಿತ ಇರುವ ಚಪ್ಪಲಿ ಬೇರೆ ಕೊಡಿಸಿ. ದೇವರೇನೂ ಬೇಸರ ಮಾಡಿಕೊಳ್ಳುವುದಿಲ್ಲ. ಕಾಲಿಗೆ ಗಾಯ ಇರುವವರು ನಿಂತ ನೀರಿಗೆ ಇಳಿಯಬಾರದು, ಇಲಿಜ್ವರದ ಭಯ. ತೋಟ ನೋಡುವವರಿಗೆ ಗಂಬೂಟು ಬೇಕು. ಜ್ವರ, ಮೈಕೈ ನೋವು, ಕಣ್ಣು ಕೆಂಪು ಎಂದರೆ ಮಾತ್ರೆ ಕೊಟ್ಟು ಸುಮ್ನೆ ಕೂರಿಸದೆ ರಕ್ತ ಪರೀಕ್ಷೆಗೆ ಕಳಿಸಿ. ಗೀಸರ್, ವಾಷಿಂಗ್ ಮಷೀನ್ ಇರುವ ಲೈನಿಗೆ 30 ಮಿಲಿಆಂಪಿಯರಿನ ಇಎಲ್‌ಸಿಬಿ (ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇರಲಿ. ಅದರಲ್ಲಿರುವ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡಿ.

ಬ್ಲೀಚಿಂಗ್ ಪುಡಿ ಮತ್ತು ಟಾಯ್ಲೆಟ್ ಆಸಿಡ್ ಒಟ್ಟಿಗೆ ಹಾಕಬೇಡಿ. ಕ್ಲೋರಿನ್ ಗ್ಯಾಸ್ ಬರುತ್ತದೆ, ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಜೀವಕ್ಕೇ ಅಪಾಯ. ಫಿನಾಯಿಲನ್ನು ಜ್ಯೂಸ್ ಬಾಟಲಿಯಲ್ಲಿ ತುಂಬಿಡಬೇಡಿ. ಮರೆವಿನ ಕಾಯಿಲೆ ಇರುವ ಅಜ್ಜ ಕುಡಿದಾರು.

ಯಾರೂ ಮಾತಾಡದ ವಿಷಯ ಇನ್ನೊಂದು. ಮರೆವಿನವರು ಸ್ನಾನ ಮಾಡಿಸುವಾಗ ಹೊಡೆಯುತ್ತಾರೆ, ಪರಚುತ್ತಾರೆ. ಅದು ಕಾಯಿಲೆ, ಸಿಟ್ಟು ಮಾಡಬೇಡಿ. ವಾದ ಬೇಡ, ಎದುರಿಗೆ ಅಡ್ಡ ನಿಲ್ಲಬೇಡಿ, ಒಂದು ಹೆಜ್ಜೆ ಹಿಂದೆ ಬನ್ನಿ, ಅರ್ಧ ಗಂಟೆ ಬಿಟ್ಟು ಪುನಃ ಪ್ರಯತ್ನಿಸಿ. ಸ್ನಾನ ಇವತ್ತೇ ಆಗಬೇಕೆಂದೇನಿಲ್ಲ. ಆದರೆ ಕೆಲವು ಗಂಡಸರು ಬೇಕೆಂದೇ ಕೈ ಹಾಕುತ್ತಾರೆ, ಕೆಟ್ಟ ಮಾತಾಡುತ್ತಾರೆ. ಆಗ "ವಯಸ್ಸಾಯ್ತಲ್ಲ, ಬಿಡಿ" ಎನ್ನುವುದು ಉತ್ತರವೇ ಅಲ್ಲ. ಅವರ ಕೋಣೆಗೆ ಗಂಡು ಅಟೆಂಡರ್ ಹಾಕಿ, ಇಲ್ಲವೇ ಇಬ್ಬರನ್ನು ಕಳಿಸಿ, ಮನೆಯವರಿಗೂ ತಿಳಿಸಿ. ಆಶ್ರಮಕ್ಕೆ ಬಂದುಹೋಗುವವರಿಂದ, ಮೇಲಿನವರಿಂದ ತೊಂದರೆಯಾದರೂ ದೂರು ಕೊಡಬಹುದು. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಕೆಲಸದ ಜಾಗದಲ್ಲಿ ಹೆಂಗಸರಿಗೆ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು, ಕಮ್ಮಿ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿ ಉಂಟು. ಮೂರು ತಿಂಗಳೊಳಗೆ ಬರೆದು ಕೊಡಬೇಕು.

ಕೊನೆಗೆ ಒಂದು ಗಟ್ಟಿ ರಟ್ಟಿನ ರಿಜಿಸ್ಟರ್. ಬಿದ್ದದ್ದು, ಚುಚ್ಚಿದ್ದು, ಹೊಡೆದದ್ದು, ಬೀಳುವುದರಲ್ಲಿ ತಪ್ಪಿದ್ದು, ಎಲ್ಲ ಅದೇ ದಿನ ಬರೆಯಿರಿ: ಯಾವಾಗ, ಎಲ್ಲಿ, ಯಾರ ಜೊತೆ, ಆಮೇಲೆ ಏನು ಮಾಡಿದಿರಿ. ಬರೆಯಲು ಬಾರದ ಅಕ್ಕಂದಿರು ಹೇಳಲಿ, ಸಿಸ್ಟರ್ ಬರೆದು ಅವರಿಗೆ ಓದಿ ಹೇಳಿ ಸಹಿ ಹಾಕಿಸಲಿ. ಕಮಿಟಿ ಮೀಟಿಂಗಿನಲ್ಲಿ ಲೆಕ್ಕಪತ್ರಕ್ಕಿಂತ ಮೊದಲು ಇದನ್ನು ಓದಿಸಿ. ಲೆಕ್ಕಪತ್ರ ಮುಗಿದ ಮೇಲೆ ಚಾ ಬರುತ್ತದೆ, ಆಮೇಲೆ ಯಾರೂ ಕೂರುವುದಿಲ್ಲ.