ಸ್ಕೋರ್‌ಬುಕ್ ಬರೆಯುತ್ತಾ ಕಂಡ ವಾಲಿ ಬ್ಯಾಕ್‌ಮನ್

ನ್ಯೂಯಾರ್ಕಿನ ಲಾಂಗ್ ಐಲ್ಯಾಂಡಿನಲ್ಲಿ ನೆಲೆಸಿದ ಮೇಲೆ ನಾನು ಬೇಸ್‌ಬಾಲ್ ಕಲಿತದ್ದು ಸ್ಕೋರ್‌ಬುಕ್ ಬರೆದು, ಅಂದರೆ ಪಂದ್ಯದಲ್ಲಿ ನಡೆದದ್ದನ್ನೆಲ್ಲ ಗುರುತು ಹಾಕಿಕೊಂಡು. ಇಲ್ಲಿನ ಸೆಂಟ್ರಲ್ ಐಸ್ಲಿಪ್‌ನಲ್ಲಿ ಲಾಂಗ್ ಐಲ್ಯಾಂಡ್ ಡಕ್ಸ್ ತಂಡದ ಮೈದಾನವಿದೆ. ಸುಮಾರು 6,000 ಸೀಟು, ಅಷ್ಟೇ. ಎಲ್ಲಿ ಕೂತರೂ ತಂಡದವರು ಕೂರುವ ಡಗ್‌ಔಟ್ ಚೆನ್ನಾಗಿ ಕಾಣುತ್ತದೆ. 2019ರಲ್ಲಿ ಅಲ್ಲಿ ಮ್ಯಾನೇಜರ್, ಅಂದರೆ ಪಂದ್ಯದಲ್ಲಿ ತಂಡವನ್ನು ನಡೆಸುವ ಮುಖ್ಯ ಕೋಚ್, ಆಗಿದ್ದವರು ವಾಲಿ ಬ್ಯಾಕ್‌ಮನ್.

1986ರಲ್ಲಿ ಅಮೆರಿಕದ ದೊಡ್ಡ ಲೀಗ್ ಆದ ಮೇಜರ್ ಲೀಗ್‌ನ ಫೈನಲ್, ವರ್ಲ್ಡ್ ಸೀರೀಸ್, ಗೆದ್ದ ನ್ಯೂಯಾರ್ಕ್ ಮೆಟ್ಸ್ ತಂಡದ ಸೆಕೆಂಡ್ ಬೇಸ್‌ಮನ್ ಇವರು. 2004ರ ನವೆಂಬರಿನಲ್ಲಿ ಮೇಜರ್ ಲೀಗ್‌ನ ಇನ್ನೊಂದು ತಂಡ ಅರಿಜೋನಾ ಡೈಮಂಡ್‌ಬ್ಯಾಕ್ಸ್ ಇವರನ್ನು ಮ್ಯಾನೇಜರ್ ಮಾಡಿತು. ನಾಲ್ಕೇ ದಿನದಲ್ಲಿ ತೆಗೆದೂ ಹಾಕಿತು. ಹಳೆಯ ಬಂಧನಗಳು, ದಿವಾಳಿ, ಎಲ್ಲ ಪತ್ರಿಕೆಯಲ್ಲಿ ಬಂದಿತ್ತು. ಅವನ್ನು ನಾನು ಸಣ್ಣ ವಿಷಯ ಅನ್ನುವುದಿಲ್ಲ. 2007ರಲ್ಲಿ ಜಾರ್ಜಿಯಾದ ಆಲ್ಬನಿಯಲ್ಲಿ ಸೌತ್ ಜಾರ್ಜಿಯಾ ಪೀನಟ್ಸ್ ಎಂಬ ಇಂಡಿಪೆಂಡೆಂಟ್, ಅಂದರೆ ದೊಡ್ಡ ಕ್ಲಬ್‌ಗಳಿಗೆ ಸೇರದ, ತಂಡ ಇವರಿಗೆ ಕೆಲಸ ಕೊಟ್ಟಿತು. ಅದನ್ನು ಚಾಂಪಿಯನ್ ಮಾಡಿದರು. ಆ ಲೀಗ್ ಒಂದೇ ಸೀಸನ್ ಆಡಿ ಮುಚ್ಚಿತು. ಆಮೇಲೆ ಮೆಟ್ಸ್‌ನ ಕೆಳಹಂತದ ಮೈನರ್ ಲೀಗ್ ತಂಡಗಳು, ಮತ್ತೆ ಇಂಡಿಪೆಂಡೆಂಟ್, ಕೊನೆಗೆ ಡಕ್ಸ್. ಡಕ್ಸ್ ಮಾಲೀಕರಲ್ಲಿ ಒಬ್ಬರಾಗಿದ್ದ ಬಡ್ ಹ್ಯಾರೆಲ್ಸನ್, 1986ರ ಆ ಮೆಟ್ಸ್‌ಗೆ ಥರ್ಡ್ ಬೇಸ್ ಕೋಚ್ ಆಗಿದ್ದವರು. ಹಳೇ ನಂಟು.

ಇಂಡಿಪೆಂಡೆಂಟ್ ಲೀಗ್‌ನಲ್ಲಿ ತಂಡದ ಬೆನ್ನಿಗೆ ಮೇಜರ್ ಲೀಗ್ ಕ್ಲಬ್ ಇರುವುದಿಲ್ಲ. ಆಟಗಾರರನ್ನು ಯಾರೂ ಕಳಿಸುವುದಿಲ್ಲ, ತಂಡವೇ ಹುಡುಕಬೇಕು. ಒಬ್ಬ ಪಿಚರ್ (ಚೆಂಡು ಎಸೆಯುವವನು) ಚೆನ್ನಾಗಿ ಎಸೆದರೆ ದೊಡ್ಡ ಕ್ಲಬ್ ಸೀಸನ್ ಮಧ್ಯದಲ್ಲೇ ಅವನ ಕಾಂಟ್ರ್ಯಾಕ್ಟ್ ಕೊಂಡುಕೊಂಡು ಹೋಗುತ್ತದೆ. ಎಲ್ಲರಿಗೂ ಖುಷಿ. ಆದರೆ ಮುಂದಿನ ಪಂದ್ಯಕ್ಕೆ ಪಿಚರ್ ಬೇಕಲ್ವಾ?

ಅದಕ್ಕೇ ನಾನು ಸ್ಕೋರ್‌ಬುಕ್ಕನ್ನು ಮ್ಯಾನೇಜರ್ ಕಣ್ಣಿನಿಂದ ಬರೆಯಲು ಶುರು ಮಾಡಿದೆ. ಮೊದಲು ಸ್ಥಾನಗಳ ಸಂಖ್ಯೆ ಬಾಯಿಪಾಠ ಮಾಡಿದೆ: ಪಿಚರ್ 1, ಕ್ಯಾಚರ್ 2, ಹೀಗೆ ರೈಟ್ ಫೀಲ್ಡರ್ 9ರವರೆಗೆ. ಶಾರ್ಟ್‌ಸ್ಟಾಪ್ 6, ಸೆಕೆಂಡ್ ಬೇಸ್ 4, ಫಸ್ಟ್ ಬೇಸ್ 3. ಹಾಗಾಗಿ 6-4-3 ಅಂದರೆ ಶಾರ್ಟ್‌ಸ್ಟಾಪ್‌ನಿಂದ ಶುರುವಾದ ಡಬಲ್ ಪ್ಲೇ, ಒಂದೇ ಏಟಿಗೆ ಇಬ್ಬರು ಔಟ್. ಇಷ್ಟು ಎಲ್ಲರೂ ಬರೆಯುತ್ತಾರೆ. ಪಿಚರ್ ಬದಲಾದಾಗ ನಾನು ದಪ್ಪ ಗೆರೆ ಎಳೆದು, ಪಕ್ಕದಲ್ಲಿ ಅವನು ಎಸೆಯುವುದು ಯಾವ ಕೈಯಲ್ಲಿ, ಬೇಸ್ ಮೇಲೆ ಎಷ್ಟು ಜನ, ಮುಂದಿನ ಮೂವರು ಬ್ಯಾಟರ್ ಯಾರು ಎಂದು ಬರೆದೆ. ಹೊಸ ಹೆಸರು ಬಂದರೆ ಸುತ್ತ ವೃತ್ತ.

ಆ ಮೂವರನ್ನು ಬರೆಯಲು ಕಾರಣವಿತ್ತು. 2019ರಲ್ಲಿ ಡಕ್ಸ್ ಆಡುವ ಅಟ್ಲಾಂಟಿಕ್ ಲೀಗ್, ಮೇಜರ್ ಲೀಗ್‌ಗಾಗಿ ಹೊಸ ನಿಯಮಗಳನ್ನು ಪ್ರಯೋಗ ಮಾಡುತ್ತಿತ್ತು. ಒಳಗೆ ಬಂದ ಪಿಚರ್ ಕನಿಷ್ಠ ಮೂವರಿಗೆ ಎಸೆಯಬೇಕು, ಇಲ್ಲವೇ ಇನ್ನಿಂಗ್ಸ್ ಮುಗಿಸಬೇಕು. ಪಿಚರ್ ಬದಲಿಸಲು ಅಥವಾ ಗಾಯ ನೋಡಲು ಬಿಟ್ಟು ಮ್ಯಾನೇಜರ್ ಸುಮ್ನೆ ಪಿಚರ್ ನಿಲ್ಲುವ ದಿಬ್ಬಕ್ಕೆ ಹೋಗಿ ಮಾತಾಡುವಂತಿಲ್ಲ. ಬೆವರುತ್ತಿರುವ ಹುಡುಗನಿಗೆ ಧೈರ್ಯ ಹೇಳಲೂ ಆಗದು. ನಂಬಿ ಬಿಡಬೇಕು, ಇಲ್ಲ ತೆಗೆಯಬೇಕು. ಅಂಪೈರ್ ಜೊತೆಗಿನ ಜಗಳಕ್ಕೆ ಹೆಸರಾದವರು ಬ್ಯಾಕ್‌ಮನ್. ಸೀಸನ್‌ನ ಎರಡನೇ ಭಾಗದಲ್ಲಿ ಎಸೆತ ಸರಿಯೋ (ಸ್ಟ್ರೈಕ್) ಅಲ್ಲವೋ (ಬಾಲ್) ಎಂದು ಹೇಳುತ್ತಿದ್ದದ್ದು ರಡಾರ್. ಅಂಪೈರ್ ಅದನ್ನು ಇಯರ್‌ಪೀಸ್‌ನಲ್ಲಿ ಕೇಳಿ ಕೂಗುತ್ತಿದ್ದರು. ಹಾಗಾಗಿ ನನ್ನ ಗಮನವೆಲ್ಲ ಜಗಳ ಬಿಟ್ಟು ಬ್ಯಾಕ್‌ಮನ್ ಅವರ ತೀರ್ಮಾನಗಳ ಮೇಲೇ ನಿಂತಿತು.

ಆ ವರ್ಷ ಡಕ್ಸ್ ಫೈನಲ್‌ನಲ್ಲಿ ಶುಗರ್ ಲ್ಯಾಂಡ್ ಸ್ಕೀಟರ್ಸ್ ತಂಡವನ್ನು ಸೋಲಿಸಿ ಚಾಂಪಿಯನ್ ಆಯಿತು. ಬ್ಯಾಕ್‌ಮನ್‌ಗೆ ಮೇಜರ್ ಲೀಗ್ ಹುದ್ದೆ ಮತ್ತೆ ಸಿಗಲಿಲ್ಲ. ಹಾಗಾಗಿ ಇದನ್ನು ಅರ್ಧ ವಾಪಸಾತಿ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ವೃತ್ತ ಹಾಕಿದ ಅಷ್ಟೊಂದು ಹೊಸ ಹೆಸರುಗಳನ್ನು ಇಟ್ಟುಕೊಂಡು ಸೆಪ್ಟೆಂಬರ್‌ವರೆಗೆ ಗೆಲ್ಲುವುದು, ನಾನು ನೋಡಿದ ಮಟ್ಟಿಗೆ, ಈ ಆಟದ ಅತಿ ಕಷ್ಟದ ಕೆಲಸ.